ಸಿಂಗಪುರದಲ್ಲಿ ಮಕ್ಕಳ ರಜೆ: ಎರಡೂವರೆ ಗಂಟೆಯ ಲಾಭ

ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಮಕ್ಕಳನ್ನು ಕಟ್ಟಿಕೊಂಡು ಹೊರಟವರು ವಿಮಾನ ಇಳಿಯುವಾಗ ಕೈಗಡಿಯಾರ ತಿದ್ದಿಕೊಳ್ಳುತ್ತಾರೆ, ಆಮೇಲೆ ಆ ವಿಷಯ ಮರೆತುಬಿಡುತ್ತಾರೆ. ಆದರೆ ಐದಾರು ದಿನದ ಪ್ರವಾಸ ಸುಖವಾಗುವುದೂ ಹಣ್ಣುಗಾಯಿ ಮಾಡುವುದೂ ಬಹುಮಟ್ಟಿಗೆ ಈ ಎರಡೂವರೆ ಗಂಟೆಯನ್ನು ಹೇಗೆ ಬಳಸಿಕೊಳ್ಳುತ್ತೇವೆ ಎಂಬುದರ ಮೇಲೆಯೇ ನಿಂತಿದೆ. ಊರಲ್ಲಿ ಬೆಳಿಗ್ಗೆ ಏಳಕ್ಕೆ ಏಳುವ ಮಗುವಿನ ಮೈಗೆ ಅಲ್ಲಿ ಒಂಬತ್ತೂವರೆಗೆ ಬೆಳಗಾಗುತ್ತದೆ. ರಾತ್ರಿ ಒಂಬತ್ತಕ್ಕೆ ಮಲಗುವ ಮಗುವಿಗೆ ಅಲ್ಲಿ ಹನ್ನೊಂದೂವರೆಯವರೆಗೂ ನಿದ್ದೆ ಸುಳಿಯುವುದಿಲ್ಲ. ಹೋಟೆಲಿನ ಬೆಳಗಿನ ತಿಂಡಿ ತಪ್ಪಿಹೋಗುತ್ತದೆಂದು ಏಳಕ್ಕೇ ಎಬ್ಬಿಸಿದರೆ ನೀವು ಎಬ್ಬಿಸಿದ್ದು ಮಗುವಿನ ಲೆಕ್ಕದ ನಸುಕಿನ ನಾಲ್ಕೂವರೆಗೆ. ಆ ದಿನ ಮಧ್ಯಾಹ್ನ ಆಗುವ ಅಳು, ಹಟ, ಊಟ ಬೇಡವೆನ್ನುವುದು, ಎಲ್ಲಕ್ಕೂ ಬೇರು ಅಲ್ಲಿದೆ.

ಹಾಗಾಗಿ ಮೊದಲ ಎರಡು ದಿನವಾದರೂ ಮಗುವನ್ನು ಊರಿನ ಗಡಿಯಾರದಲ್ಲೇ ಬಿಡಿ. ಸಂಜೆ ನಾಲ್ಕರಿಂದ ರಾತ್ರಿ ಹತ್ತರವರೆಗಿನ ಸಿಂಗಪುರ ಮಕ್ಕಳ ಪಾಲಿಗೆ ಅತ್ಯುತ್ತಮ ಸಿಂಗಪುರ. ಬಿಸಿಲು ಇಳಿದಿರುತ್ತದೆ, ದೀಪಗಳು ಹತ್ತುತ್ತವೆ, ಪ್ರಾಣಿಗಳು ಎಚ್ಚರಾಗುತ್ತವೆ. ಅಲ್ಲಿನ ರಾತ್ರಿ ಎಂಟೂಮುಕ್ಕಾಲು ನಮ್ಮ ಮಗುವಿಗೆ ಬರೀ ಸಂಜೆ ಆರೂಕಾಲು. ಅಲ್ಲಿನ ಮಕ್ಕಳು ಆಕಳಿಸುವ ಹೊತ್ತಿಗೆ ನಮ್ಮವರು ಆಟಕ್ಕೆ ಬರುತ್ತಾರೆ. ಮೂರನೆಯ ದಿನದ ಹೊತ್ತಿಗೆ ಮೈ ತಾನಾಗಿ ಒಂದು ಗಂಟೆಯಷ್ಟು ಹೊಂದಿಕೊಂಡಿರುತ್ತದೆ. ಬೆಳಿಗ್ಗೆ ಬೇಗ ಹೊರಡಬೇಕಾದ ಜಾಗಗಳನ್ನು ಆಗ ಇಟ್ಟುಕೊಳ್ಳಿ.

ಇನ್ನೊಂದು ವಿಷಯವೂ ಇದಕ್ಕೆ ಸೇರಿಕೊಳ್ಳುತ್ತದೆ. ಸಮಭಾಜಕ ವೃತ್ತಕ್ಕೆ ಸುಮಾರು ಒಂದೂಕಾಲು ಡಿಗ್ರಿ ಉತ್ತರದಲ್ಲಿರುವ ಈ ಊರಲ್ಲಿ ವರ್ಷವಿಡೀ ಸೂರ್ಯ ಬೆಳಿಗ್ಗೆ ಏಳರ ಆಸುಪಾಸಿಗೆ ಹುಟ್ಟಿ ಸಂಜೆ ಏಳರ ಆಸುಪಾಸಿಗೆ ಮುಳುಗುತ್ತಾನೆ. ರೇಖಾಂಶದ ಪ್ರಕಾರ ಊರು ಗ್ರೀನಿಚ್‌ಗಿಂತ ಏಳು ಗಂಟೆ ಮುಂದಿರಬೇಕಿತ್ತು. 1982ರ ಜನವರಿಯಿಂದ ಮಲೇಷ್ಯಾದ ಜೊತೆ ಗಡಿಯಾರ ಸರಿಹೊಂದಿಸಿಕೊಂಡು ಎಂಟು ಗಂಟೆಗೆ ನಿಂತಿದೆ. ಅದರಿಂದಾಗಿ ಅಲ್ಲಿ ನಡುಮಧ್ಯಾಹ್ನ ಬರುವುದು ಹನ್ನೆರಡಕ್ಕಲ್ಲ, ಒಂದಕ್ಕೆ. ಹನ್ನೊಂದರಿಂದ ನಾಲ್ಕರವರೆಗೆ ಮಕ್ಕಳನ್ನು ಬಯಲಲ್ಲಿ ನಡೆಸಬಾರದು ಎಂಬುದಕ್ಕೆ ಇದೇ ಲೆಕ್ಕ.

ಸೆಕೆಯ ಬಗ್ಗೆ ಬೆಂಗಳೂರು, ಮೈಸೂರಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿನ ಹಗಲಿನ ಉಷ್ಣತೆ 31ರಿಂದ 33 ಡಿಗ್ರಿ ಅಷ್ಟೇ. ನಮ್ಮ ಏಪ್ರಿಲ್‌ನಲ್ಲಿ ಇದಕ್ಕಿಂತ ಹೆಚ್ಚಿರುತ್ತದಲ್ಲ ಅನ್ನಿಸಬಹುದು. ಆದರೆ ಗಾಳಿ ನೀರು ಕುಡಿದುಕೊಂಡಂತೆ ಇರುವುದರಿಂದ ಬೆವರು ಆರುವುದಿಲ್ಲ, ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮಂಗಳೂರು, ಉಡುಪಿ, ಕಾರವಾರದ ಮಕ್ಕಳಿಗೆ ಈ ಸೆಕೆ ಹೊಸದಲ್ಲ. ಘಟ್ಟದ ಮೇಲಿನ ಮಕ್ಕಳು ಮಾತ್ರ ಮೊದಲ ದಿನ ಕೆಂಪಗಾಗಿ ಸುಸ್ತು ಹೊಡೆಯುತ್ತಾರೆ. ತೆಳು ಹತ್ತಿಯ ಬಟ್ಟೆ, ದಿನಕ್ಕೆ ಎರಡು ಜೊತೆ, ಒಬ್ಬೊಬ್ಬರಿಗೂ ಒಂದು ನೀರಿನ ಬಾಟಲಿ, ಊರಿಂದ ಒಯ್ದ ಓಆರ್‌ಎಸ್ ಪೊಟ್ಟಣ ನಾಲ್ಕೈದು. ನಲ್ಲಿ ನೀರು ನೇರವಾಗಿ ಕುಡಿಯಬಹುದು. ಬಾಟಲಿ ತುಂಬಿಸಿಕೊಳ್ಳುವ ನಲ್ಲಿಗಳು ಉದ್ಯಾನಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ ಇರುತ್ತವೆ. ತೊಡೆಸಂದಿಗೆ ಹಚ್ಚಲು ಒಂದು ಸಣ್ಣ ಸೀಸೆ ತೆಂಗಿನೆಣ್ಣೆ ಇರಲಿ. ಒದ್ದೆ ಚಡ್ಡಿಯಲ್ಲಿ ಒಂದು ಕಿಲೋಮೀಟರ್ ನಡೆದ ಮಗುವಿಗೆ ಉಜ್ಜಿ ಉರಿಯಾಗುವುದು ಖಂಡಿತ, ಮಾರನೆಯ ದಿನದ ನಡಿಗೆ ಅಲ್ಲಿಗೇ ಮುಗಿಯುತ್ತದೆ.

ನಮ್ಮ ಏಪ್ರಿಲ್–ಮೇ ರಜೆಯಲ್ಲಿ ಒಂದು ದೊಡ್ಡ ಅನುಕೂಲವಿದೆ: ಆಗ ಅಲ್ಲಿನ ಶಾಲೆಗಳು ನಡೆಯುತ್ತಿರುತ್ತವೆ. ಅವರ ದೊಡ್ಡ ರಜೆಗಳು ಜೂನ್‌ನಲ್ಲಿ, ಮತ್ತೆ ನವೆಂಬರ್ ನಡುವಿನಿಂದ ಡಿಸೆಂಬರ್ ಕೊನೆಯವರೆಗೆ. ಏಪ್ರಿಲ್‌ನ ಮಂಗಳವಾರ, ಬುಧವಾರಗಳಲ್ಲಿ ಆಟದ ಜಾಗಗಳು ಎಷ್ಟು ಖಾಲಿ ಇರುತ್ತವೆಂದರೆ ಅದೇ ಜಾಗವನ್ನು ಜೂನ್‌ನ ಭಾನುವಾರ ನೋಡಿದವರು ನಂಬಲಾರರು. ಅನನುಕೂಲವೆಂದರೆ ಮಧ್ಯಾಹ್ನದ ಗುಡುಗುಮಳೆ. ನೆಲ ಕಾದು, ಎರಡೂ ಕಡೆಯಿಂದ ಕಡಲ ಗಾಳಿ ಬಂದು ಕೂಡಿ, ಎರಡು ಗಂಟೆಯಿಂದ ಐದರ ನಡುವೆ ಮೋಡ ಒಡೆಯುತ್ತದೆ. ವರ್ಷದಲ್ಲಿ ಸುಮಾರು 170 ದಿನ ಗುಡುಗು ಕೇಳುವ ಊರದು. ಸಿಡಿಲಿನ ಎಚ್ಚರಿಕೆ ಬಂದರೆ ಈಜುಕೊಳದಿಂದ ಎಲ್ಲರನ್ನೂ ಮೇಲಕ್ಕೆ ಕರೆಯುತ್ತಾರೆ, ನೀರಿನ ಆಟ ನಿಲ್ಲಿಸುತ್ತಾರೆ, ವಾದ ಮಾಡಿ ಫಲವಿಲ್ಲ. ಅಲ್ಲಿನ ಪರಿಸರ ಇಲಾಖೆಯ ಮೈಎನ್ವ್ ಎಂಬ ಆ್ಯಪ್‌ನಲ್ಲಿ ಮಳೆ ಎಲ್ಲಿ ಬೀಳುತ್ತಿದೆ, ಯಾವ ಕಡೆ ಸರಿಯುತ್ತಿದೆ ಎಂಬುದು ನಕ್ಷೆಯಲ್ಲಿ ಕಾಣುತ್ತದೆ. ಊರು ಚಿಕ್ಕದು. ಪಶ್ಚಿಮದಲ್ಲಿ ಧೋ ಎಂದು ಸುರಿಯುವಾಗ ಪೂರ್ವದಲ್ಲಿ ಒಣಗಿರುವುದು ಮಾಮೂಲಿ. ಒಂದು ಗಂಟೆ ಕಾದರೆ ಸಾಮಾನ್ಯವಾಗಿ ಬಿಡುತ್ತದೆ, ಆಮೇಲಿನ ಸಂಜೆ ತಂಪಾಗಿ ಸಿಗುತ್ತದೆ.

ಮೊದಲ ಸಂಜೆಗೆ ಗಾರ್ಡನ್ಸ್ ಬೈ ದ ಬೇ. ಎತ್ತರದ ಲೋಹದ ಮರಗಳ ಚಿತ್ರ ಎಲ್ಲರೂ ನೋಡಿರುತ್ತಾರೆ. ಆದರೆ ಮಕ್ಕಳಿದ್ದವರು ಮೊದಲು ಹೋಗಬೇಕಾದದ್ದು ಅದೇ ಆವರಣದ ಮಕ್ಕಳ ಉದ್ಯಾನಕ್ಕೆ. ಪ್ರವೇಶ ಉಚಿತ, ಸೋಮವಾರ ರಜೆ. ಪುಟಾಣಿಗಳಿಗೆ ಒಂದು ನೀರಿನ ಅಂಗಳ, ಆರರಿಂದ ಹನ್ನೆರಡರವರಿಗೆ ಇನ್ನೊಂದು. ದೊಡ್ಡ ಅಂಗಳದಲ್ಲಿ ಮಕ್ಕಳ ಓಡಾಟವನ್ನು ಗ್ರಹಿಸಿ ಕಾರಂಜಿಗಳು ಚಿಮ್ಮುತ್ತವೆ, ಹಾಗಾಗಿ ಎಲ್ಲಿಂದ ಯಾವಾಗ ನೀರು ಬರುತ್ತದೆಂದು ಮಕ್ಕಳಿಗೆ ಗೊತ್ತಾಗುವುದಿಲ್ಲ. ಅರ್ಧ ಗಂಟೆಯಲ್ಲಿ ಮುಗಿಯಬಹುದೆಂದುಕೊಂಡದ್ದು ಎರಡು ಗಂಟೆಯಾಗುವುದು ಇದರಿಂದಲೇ. ನೆಲ ನುಣುಪಲ್ಲದಿದ್ದರೂ ಓಡುವ ಮಕ್ಕಳು ಜಾರುತ್ತಾರೆ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಚಪ್ಪಲಿ ಹಾಕಿ. ರೈಲಿನಲ್ಲಿ ಬರುವವರು ಬೇಫ್ರಂಟ್ ನಿಲ್ದಾಣದಲ್ಲಿ ಇಳಿದರೆ ಉದ್ಯಾನದ ಬಹುಭಾಗ ದಾಟಿ ನಡೆಯಬೇಕಾಗುತ್ತದೆ. ಥಾಮ್ಸನ್–ಈಸ್ಟ್ ಕೋಸ್ಟ್ ಮಾರ್ಗದಲ್ಲಿ ಉದ್ಯಾನದ ಹೆಸರಿನದೇ ನಿಲ್ದಾಣವಿದೆ, ಅಲ್ಲಿಂದ ಹತ್ತಿರ.

ಇಲ್ಲಿ ಆಗುವ ತಪ್ಪು ಒಂದೇ ಬಗೆಯದು. ಮಕ್ಕಳು ನೀರಾಡಿ ಒದ್ದೆಯಾಗಿರುತ್ತಾರೆ. ಬಂದದ್ದೇ ಬಂದೆವು, ಗಾಜಿನ ಗೋಳಗಳನ್ನೂ ನೋಡಿಬಿಡೋಣ ಎಂದು ಹಾಗೇ ಕ್ಲೌಡ್ ಫಾರೆಸ್ಟ್ ಒಳಗೆ ಕರೆದುಕೊಂಡು ಹೋಗುತ್ತಾರೆ. ಒಳಗೆ ಬೆಟ್ಟಕಾಡಿನ ತಂಪು, 35 ಮೀಟರ್ ಎತ್ತರದಿಂದ ಬೀಳುವ ನೀರಿನ ತುಂತುರು, ಜೊತೆಗೆ ಮಂಜು. ಹತ್ತು ನಿಮಿಷದಲ್ಲಿ ಹಲ್ಲು ಕಟಕಟ ಅನ್ನುತ್ತದೆ. ತಲೆ ಒರೆಸಿ, ಒಳ ಉಡುಪೂ ಸೇರಿ ಎಲ್ಲ ಬದಲಿಸಿ, ಒಂದು ಪೂರ್ಣ ತೋಳಿನ ಅಂಗಿ ಹಾಕಿ ಒಳಗೆ ಹೋಗಿ. ಅಥವಾ ಕ್ರಮವನ್ನೇ ತಿರುಗಿಸಿ: ಮಧ್ಯಾಹ್ನದ ಬಿಸಿಲಿನಲ್ಲಿ ಗಾಜಿನ ಗೋಳ, ಸಂಜೆ ನೀರು. ಹೀಗೆ ಮಾಡುವುದೇ ಸರಿ.

ಕತ್ತಲಾದ ಮೇಲೆ ಸೂಪರ್‌ಟ್ರೀ ಎಂಬ ಆ ಲೋಹದ ಮರಗಳ ತೋಪು. ಒಟ್ಟು 18 ಮರ, 25ರಿಂದ 50 ಮೀಟರ್ ಎತ್ತರ, ಅವುಗಳಲ್ಲಿ 12 ಒಂದೇ ಕಡೆ ಗುಂಪಾಗಿವೆ. ಪ್ರತಿ ರಾತ್ರಿ 7:45ಕ್ಕೆ, 8:45ಕ್ಕೆ ಸಂಗೀತಕ್ಕೆ ದೀಪಗಳು ಕುಣಿಯುತ್ತವೆ, ಸುಮಾರು ಹದಿನೈದು ನಿಮಿಷ, ಹಣ ಕೊಡಬೇಕಿಲ್ಲ. ಮೊದಲ ಪ್ರದರ್ಶನದ ಹೊತ್ತಿಗೆ ಆಕಾಶದಲ್ಲಿ ಇನ್ನೂ ಬೆಳಕಿನ ಅಂಚು ಉಳಿದಿರುತ್ತದೆ. ಎರಡನೆಯದೇ ಚೆಂದ, ನಮ್ಮ ಮಕ್ಕಳು ಆಗ ಎಚ್ಚರವಾಗಿಯೂ ಇರುತ್ತಾರೆ. ಒಂದು ತೆಳು ಚಾಪೆಯೋ ಹಳೆ ಬೆಡ್‌ಶೀಟೋ ಒಯ್ದು 8:20ರ ಹೊತ್ತಿಗೆ ತೋಪಿನ ನಡುವೆ ಹಾಸಿ, ಎಲ್ಲರೂ ಅಂಗಾತ ಮಲಗಿ. ನಿಂತು ನೋಡಿದರೆ ಕತ್ತು ನೋಯುತ್ತದೆ, ಚಿಕ್ಕವರಿಗೆ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಮರಗಳ ನಡುವಿನ ತೂಗುದಾರಿಗೆ ಟಿಕೆಟ್ ತೆಗೆಯಬೇಕೇ ಎಂದು ಕೇಳುವವರಿಗೆ ಉತ್ತರ: ಪ್ರದರ್ಶನದ ಹೊತ್ತಿಗೆ ಬೇಡ. ದೀಪಗಳ ಆಟ ಇರುವುದು ಕೆಳಗಿನಿಂದ ನೋಡುವವರಿಗೆ.

ಬೊಟಾನಿಕ್ ಗಾರ್ಡನ್ಸ್ 1859ರಿಂದ ಇರುವ ತೋಟ, 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದರೊಳಗಿನ ಜೇಕಬ್ ಬಲ್ಲಾಸ್ ಮಕ್ಕಳ ತೋಟ 14 ವರ್ಷದವರೆಗಿನವರಿಗೆ. ಜೊತೆಯಲ್ಲಿ ಮಗು ಇಲ್ಲದಿದ್ದರೆ ದೊಡ್ಡವರನ್ನು ಒಳಗೆ ಬಿಡುವುದಿಲ್ಲ. ತೂಗುಸೇತುವೆ, ಮರದ ಮನೆ, ಮರಳು, ಒಂದಿಷ್ಟು ನೀರು, ತರಕಾರಿ ಪಾತಿ. ಇದಕ್ಕೂ ಸೋಮವಾರ ರಜೆ. ಜನ ಎಡವುವುದು ಗೇಟಿನ ವಿಷಯದಲ್ಲಿ: ತೋಟ 82 ಹೆಕ್ಟೇರ್, ಉದ್ದಕ್ಕೆ ಚಾಚಿಕೊಂಡಿದೆ. ಮಕ್ಕಳ ತೋಟ ಬುಕಿಟ್ ತಿಮಾ ರಸ್ತೆಯ ತುದಿಯಲ್ಲಿದ್ದರೆ ಟ್ಯಾಂಗ್ಲಿನ್ ಗೇಟು ಇನ್ನೊಂದು ತುದಿ. ಟ್ಯಾಕ್ಸಿಯವರಿಗೆ ಬರೀ ತೋಟದ ಹೆಸರು ಹೇಳಿದರೆ ಟ್ಯಾಂಗ್ಲಿನ್‌ಗೆ ಬಿಡಬಹುದು, ಅಲ್ಲಿಂದ ಮೂರು ವರ್ಷದ ಮಗುವಿನ ಜೊತೆ ಎರಡು ಕಿಲೋಮೀಟರ್ ಮೇಲೆ ನಡಿಗೆ. ರೈಲಿನ ಬೊಟಾನಿಕ್ ಗಾರ್ಡನ್ಸ್ ನಿಲ್ದಾಣವೇ ಸರಿಯಾದ ಜಾಗ.

ಟ್ಯಾಕ್ಸಿಯ ಮಾತು ಬಂದಿದ್ದರಿಂದ ಒಂದು ನಿಯಮ. 1.35 ಮೀಟರ್‌ಗಿಂತ ಕುಳ್ಳಗಿರುವ ಮಕ್ಕಳು ಕಾರಿನಲ್ಲಿ ಮಕ್ಕಳ ಸೀಟಿನಲ್ಲೇ ಕೂರಬೇಕು. ಮೀಟರ್ ಟ್ಯಾಕ್ಸಿಗಳಿಗೆ ಇದರಿಂದ ವಿನಾಯಿತಿ ಇದೆ, ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರುಗಳಿಗೆ ಇಲ್ಲ. ಮಳೆಯಲ್ಲಿ ಕಾದು ನಿಂತು, ಬಂದ ಕಾರಿನ ಚಾಲಕರು ಮಗುವನ್ನು ನೋಡಿ ಒಲ್ಲೆನೆಂದರೆ ಅವರ ತಪ್ಪಲ್ಲ. ಬುಕ್ ಮಾಡುವಾಗಲೇ ಟ್ಯಾಕ್ಸಿ ಎಂದು ಆರಿಸಿ, ಇಲ್ಲವೇ ಮಕ್ಕಳ ಸೀಟಿರುವ ಕಾರನ್ನು ಕೇಳಿ.

ನಿಜವಾಗಿ ಹೇಳಬೇಕೆಂದರೆ ರೈಲು, ಬಸ್ಸುಗಳೇ ಮಕ್ಕಳಿಗೆ ಒಂದು ದೊಡ್ಡ ಆಟ, ಅದನ್ನು ಸುಮ್ಮನೆ ಸಾಗಾಟವೆಂದು ತಿಳಿದು ದಂಡ ಮಾಡಬಾರದು. ನಾರ್ತ್ ಈಸ್ಟ್, ಸರ್ಕಲ್, ಡೌನ್‌ಟೌನ್, ಥಾಮ್ಸನ್–ಈಸ್ಟ್ ಕೋಸ್ಟ್ ಮಾರ್ಗಗಳ ರೈಲುಗಳಿಗೆ ಚಾಲಕರಿಲ್ಲ. ಮೊದಲ ಡಬ್ಬಿಯ ತುದಿಗೆ ಹೋಗಿ ನಿಂತರೆ ಎದುರಿನ ಗಾಜಿನಲ್ಲಿ ಸುರಂಗವೇ ಓಡಿಬರುತ್ತದೆ. ಇನ್ನೊಂದು, ಪ್ರವಾಸಿಗರು ಹೋಗದ ಜಾಗ: ಚೋವಾ ಚೂ ಕಾಂಗ್‌ನಿಂದ ಹೊರಡುವ ಬುಕಿಟ್ ಪಂಜಾಂಗ್ ಲಘು ರೈಲು. ಎತ್ತರದ ಕಂಬಗಳ ಮೇಲೆ ವಸತಿ ಕಟ್ಟಡಗಳ ತೀರಾ ಪಕ್ಕದಲ್ಲಿ ಸಾಗುತ್ತದೆ. ಮನೆಗಳ ಹತ್ತಿರ ಬಂದ ಕೂಡಲೇ, ಒಳಗಿನವರ ಖಾಸಗಿತನ ಕಾಯಲೆಂದು, ಕಿಟಕಿಯ ಗಾಜು ತಾನಾಗಿ ಹಾಲಿನಂತೆ ಮಸುಕಾಗುತ್ತದೆ. ದಾಟಿದ ಮೇಲೆ ಮತ್ತೆ ತಿಳಿಯಾಗುತ್ತದೆ. ಒಂದು ಸುತ್ತು ಹಾಕಿ ಬರಲು ತಗಲುವುದು ಮಾಮೂಲಿ ರೈಲು ದರ. ಏಳೆಂಟು ವರ್ಷದ ಮಕ್ಕಳು ಗಾಜು ಯಾವಾಗ ಮಸುಕಾಗುತ್ತದೆ ಎಂದು ಬೆರಳೆಣಿಸುತ್ತಾ ಕೂರುವ ಈ ಅರ್ಧ ಗಂಟೆಯನ್ನು ಯಾವ ದುಬಾರಿ ಟಿಕೆಟ್ಟೂ ಕೊಡಲಾರದು. ಡಬಲ್ ಡೆಕರ್ ಬಸ್ಸಿನ ಮೇಲಂತಸ್ತಿನ ಮೊದಲ ಸಾಲೂ ಹಾಗೆಯೇ. ವಿಮಾನ ನಿಲ್ದಾಣದಿಂದ ಊರೊಳಗೆ ಬರುವ 36ನೇ ನಂಬರಿನ ಬಸ್ಸು ನಗರ ಪರಿಚಯಕ್ಕೆ ಒಳ್ಳೆಯದು, ಸಾಮಾನು ಕಡಿಮೆ ಇದ್ದರೆ.

ಹಣ ಕೊಡಲು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅನ್ನು ಗೇಟಿಗೆ ತಾಗಿಸಿದರೆ ಸಾಕು. ಆದರೆ ಒಂದು ಕಾರ್ಡಿಗೆ ಒಬ್ಬರೇ. 0.9 ಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ದೊಡ್ಡವರ ಜೊತೆ ಉಚಿತ. ಅದಕ್ಕಿಂತ ಎತ್ತರದವರಿಗೆ ಬೇರೆ ಕಾರ್ಡು ಬೇಕು. ಭಾರತದ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರವನ್ನೂ ತಾಗಿಸಿ ಪಾವತಿಸುವ ಸೌಲಭ್ಯವನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ನಾವೇ ತೆರೆಯಬೇಕು. ಊರು ಬಿಡುವ ಮೊದಲೇ ಮಾಡಿಕೊಳ್ಳಿ, ಅಲ್ಲಿಗೆ ಹೋದ ಮೇಲೆ ಓಟಿಪಿ ಬಾರದೆ ಒದ್ದಾಡುವವರು ಬಹಳ. ವಿದೇಶಿ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಶುಲ್ಕ ಹೆಚ್ಚುವರಿ. ಬಸ್ಸಿನಿಂದ ಇಳಿಯುವಾಗಲೂ ತಾಗಿಸಬೇಕು, ಮರೆತರೆ ಮಾರ್ಗದ ಕೊನೆಯವರೆಗಿನ ದರ ಹಿಡಿಯುತ್ತದೆ. ರೈಲಿನೊಳಗೆ ತಿನ್ನುವಂತಿಲ್ಲ, ನೀರು ಕುಡಿಯುವುದೂ ನಿಷಿದ್ಧ, ದಂಡ 500 ಸಿಂಗಪುರ ಡಾಲರ್‌ವರೆಗೆ. ಹಾಗಾಗಿ ಮಕ್ಕಳಿಗೆ ಹತ್ತುವ ಮೊದಲೇ ನೀರು ಕುಡಿಸಿ. ಸ್ಟ್ರಾಲರ್ ಮಡಚದೆ ರೈಲಿಗೂ ಬಸ್ಸಿಗೂ ಹತ್ತಿಸಬಹುದು. ನಾಲ್ಕು ವರ್ಷದ ಮಗು ಊರಲ್ಲಿ ಸ್ಟ್ರಾಲರ್ ಬಿಟ್ಟಿದ್ದರೂ ಇಲ್ಲಿಗೆ ಒಂದು ಹಗುರಾದದ್ದು ಇರಲಿ. ನಿಲ್ದಾಣದೊಳಗಿನ ನಡಿಗೆಯೇ ಕೆಲವು ಕಡೆ ಹತ್ತು ನಿಮಿಷ.

ಮಂಡಾಯ್‌ನಲ್ಲಿ ಮೃಗಾಲಯ, ನೈಟ್ ಸಫಾರಿ, ರಿವರ್ ವಂಡರ್ಸ್, 2023ರಲ್ಲಿ ಜುರಾಂಗ್‌ನಿಂದ ಸ್ಥಳಾಂತರವಾದ ಬರ್ಡ್ ಪ್ಯಾರಡೈಸ್, ಎಲ್ಲ ಅಕ್ಕಪಕ್ಕ. ಅಕ್ಕಪಕ್ಕ ಇವೆಯೆಂದು ಒಂದೇ ದಿನ ಎರಡು ನೋಡಲು ಹೊರಡುವುದು ಇಡೀ ಪ್ರವಾಸದಲ್ಲೇ ಹೆಚ್ಚು ಕಣ್ಣೀರು ಹಾಕಿಸುವ ತಪ್ಪು. ಹಲವು ಉದ್ಯಾನಗಳಿಗೆ ಒಟ್ಟಾಗಿ ಸಿಗುವ ಟಿಕೆಟ್ ಅಗ್ಗವಾಗಿ ಕಾಣುತ್ತದೆ, ಬೇರೆ ಬೇರೆ ದಿನ ಬಳಸಲು ಅವಕಾಶ ಇದ್ದರೆ ಮಾತ್ರ ತೆಗೆದುಕೊಳ್ಳಿ. ಖಾಟಿಬ್ ನಿಲ್ದಾಣದಿಂದ ನೇರ ಬಸ್ಸಿದೆ. 1973ರಲ್ಲಿ ಶುರುವಾದ ಮೃಗಾಲಯಕ್ಕೆ ಬೆಳಿಗ್ಗೆ ಬೇಗ ಹೋಗುವುದೇ ಒಳ್ಳೆಯದು, ಒರಾಂಗುಟಾನ್‌ಗಳು ಪಂಜರವಿಲ್ಲದೆ ತಲೆಯ ಮೇಲಿನ ಕೊಂಬೆಗಳಲ್ಲಿ ಓಡಾಡುವುದನ್ನು ತಂಪಿನಲ್ಲಿ ನಿಂತು ನೋಡಬಹುದು. ಇದನ್ನು ನಾಲ್ಕನೆಯ ದಿನಕ್ಕೆ ಇಡಿ. ನೈಟ್ ಸಫಾರಿಯನ್ನು ಮಾತ್ರ ಎರಡನೆಯ ರಾತ್ರಿಗೇ ಇಡಿ, ಎರಡೂವರೆ ಗಂಟೆಯ ಲಾಭ ಪೂರ್ತಿ ಸಿಗುವುದು ಆಗಲೇ. ಬಾಗಿಲು ತೆರೆಯುವುದು 7:15ಕ್ಕೆ, ನಮ್ಮ ಮಗುವಿಗೆ ಶಾಲೆ ಬಿಟ್ಟು ಬಂದ ಹೊತ್ತು. ಬಾಗಿಲು ತೆರೆದ ಕೂಡಲೇ ಎಲ್ಲರೂ ಟ್ರಾಮಿನ ಸಾಲಿಗೆ ನುಗ್ಗುತ್ತಾರೆ. ನೀವು ಮೊದಲು ನಡಿಗೆಯ ದಾರಿ ಹಿಡಿಯಿರಿ, ಮೀನುಗಾರ ಬೆಕ್ಕಿನ ದಾರಿ ಪ್ರವೇಶದ್ವಾರದ ಹತ್ತಿರವೇ ಇದೆ. ಕತ್ತಲಿಗೆ ಕಣ್ಣು ಹೊಂದಿಕೊಂಡ ಮೇಲೆ ಟ್ರಾಮ್. ಫೋನಿನ ಫ್ಲ್ಯಾಶ್ ಆರಿಸಿದ್ದು ಖಚಿತಪಡಿಸಿಕೊಂಡು, ಬೆಳಕಿನ ಬೂಟುಗಳಿದ್ದರೆ ಹೋಟೆಲಿನಲ್ಲೇ ಬಿಟ್ಟು ಬನ್ನಿ. ಮಲಯದ ಟೇಪಿರ್ ಕಾಣುವ ಕಡೆ ಮಕ್ಕಳಿಗೆ ಒಂದು ಪ್ರಶ್ನೆ ಕೇಳಿ: ಅರ್ಧ ಕಪ್ಪು, ಅರ್ಧ ಬಿಳಿ ಇರುವ ಪ್ರಾಣಿ ರಾತ್ರಿ ಹೇಗೆ ಅಡಗುತ್ತದೆ? ಬೆಳದಿಂಗಳಲ್ಲಿ ಬಿಳಿ ಭಾಗ ಬಂಡೆಯಂತೆ, ಕಪ್ಪು ಭಾಗ ನೆರಳಿನಂತೆ ಕಂಡು ಪ್ರಾಣಿಯ ಆಕಾರವೇ ಒಡೆದುಹೋಗುತ್ತದೆ. ಉತ್ತರ ಎದುರಿಗೇ ಇರುವಾಗ ಕೇಳಿದ ಪ್ರಶ್ನೆ ಮನಸ್ಸಲ್ಲಿ ಉಳಿಯುತ್ತದೆ.

ಮಳೆಯ ಮಧ್ಯಾಹ್ನಗಳಿಗೆ ಎಲ್ಲರೂ ಮಾಲ್ ಹಿಡಿಯುತ್ತಾರೆ. ಅದಕ್ಕಿಂತ ಕೆಂಟ್ ರಿಡ್ಜ್‌ನ ವಿಶ್ವವಿದ್ಯಾಲಯದ ಆವರಣದಲ್ಲಿರುವ ಲೀ ಕಾಂಗ್ ಚಿಯಾನ್ ನಿಸರ್ಗ ಇತಿಹಾಸ ಸಂಗ್ರಹಾಲಯಕ್ಕೆ ಹೋಗಿ. ಚಿಕ್ಕದು, ಎರಡು ಗಂಟೆಯಲ್ಲಿ ಮುಗಿಯುತ್ತದೆ, ಮಕ್ಕಳ ತಾಳ್ಮೆಗೆ ಅದೇ ಸರಿಯಾದ ಅಳತೆ. ಉದ್ದ ಕತ್ತಿನ ಮೂರು ಡೈನೋಸಾರ್‌ಗಳ ನಿಜವಾದ ಅಸ್ಥಿಪಂಜರಗಳಿವೆ. ಆದರೆ ಮಕ್ಕಳನ್ನು ಹೆಚ್ಚು ಹೊತ್ತು ನಿಲ್ಲಿಸುವುದು ಒಂದು ಹೆಣ್ಣು ತಿಮಿಂಗಿಲ. 2015ರ ಜುಲೈನಲ್ಲಿ ಜುರಾಂಗ್ ದ್ವೀಪದ ಬಳಿ ಸತ್ತು ತೇಲಿಬಂದ ಅದರ ಉದ್ದ 10.6 ಮೀಟರ್. ಹೊಟ್ಟೆಯಲ್ಲಿ ಆಳ ಸಮುದ್ರದ ಸ್ಕ್ವಿಡ್‌ಗಳ ಕೊಕ್ಕುಗಳ ಜೊತೆ ಪ್ಲಾಸ್ಟಿಕ್ ಲೋಟವೂ ಸಿಕ್ಕಿತು. ಸೋಮವಾರ ಇಲ್ಲೂ ರಜೆ. ಹೀಗೆ ಸೋಮವಾರಕ್ಕೆ ರಜೆ ಇರುವ ಜಾಗಗಳು ಹಲವಾದ್ದರಿಂದ, ಮಂಡಾಯ್ ಅಥವಾ ಸೆಂಟೋಸಾ ದ್ವೀಪಕ್ಕೆ ಸೋಮವಾರವನ್ನು ಮೀಸಲಿಡುವುದು ಜಾಣತನ. ಜುರಾಂಗ್‌ನ ವಿಜ್ಞಾನ ಕೇಂದ್ರದಲ್ಲಿ ಬೆಂಕಿಯ ಸುಂಟರಗಾಳಿ, ಟೆಸ್ಲಾ ಕಾಯಿಲ್ ಪ್ರದರ್ಶನಗಳಿಗೆ ನಿಗದಿತ ಹೊತ್ತಿದೆ. ಒಳಗೆ ಹೋದ ಕೂಡಲೇ ಆ ಪಟ್ಟಿ ನೋಡಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ಹತ್ತು ವರ್ಷ ಮೇಲ್ಪಟ್ಟವರಿಗೆ ಇಡೀ ದಿನ ಸಾಲದು.

ಇನ್ನು ಕೆಸರು ಮತ್ತು ಉಬ್ಬರ. ಸಿಂಗಪುರ ಎಂದರೆ ಗಾಜು, ಕಾಂಕ್ರೀಟು ಎಂದು ಮಾತ್ರ ತಿಳಿದು ವಾಪಸಾಗುವ ಮಕ್ಕಳ ಬಗ್ಗೆ ನಿಜಕ್ಕೂ ಬೇಸರವಾಗುತ್ತದೆ. ಉತ್ತರ ದಂಡೆಯ ಸುಂಗೆಯ್ ಬುಲೋ ಜೌಗು ರಕ್ಷಿತಾರಣ್ಯಕ್ಕೆ ಕ್ರಾಂಜಿ ನಿಲ್ದಾಣದಿಂದ 925ನೇ ಬಸ್ಸು. ಪ್ರವೇಶ ಉಚಿತ. ಹಲಗೆ ದಾರಿಯ ಮೇಲೆ ಬಗ್ಗಿ ನೋಡಿದರೆ ಕೆಸರಿನ ಮೇಲೆ ರೆಕ್ಕೆಯೂರಿ ಕುಪ್ಪಳಿಸುವ ಮಡ್‌ಸ್ಕಿಪ್ಪರ್ ಮೀನು, ಒಂದೂವರೆ ಮೀಟರಿನ ನೀರುಡ, ಅದೃಷ್ಟವಿದ್ದರೆ ಸೇತುವೆಯಿಂದ ಉಪ್ಪುನೀರಿನ ಮೊಸಳೆ. ಹೊನ್ನಾವರದ ಶರಾವತಿ ಅಳಿವೆಯಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಹಲಗೆ ದಾರಿಯಲ್ಲಿ ನಡೆದ ಮಕ್ಕಳಿಗೆ ಉಸಿರಾಡುವ ಬೇರುಗಳು ಇಲ್ಲಿ ಕೂಡಲೇ ಗುರುತು ಸಿಗುತ್ತವೆ. ಇಳಿತದ ಹೊತ್ತಿಗೆ ಹೋಗಬೇಕು. ಉಬ್ಬರದಲ್ಲಿ ಹೋದರೆ ಬರೀ ಕಂದು ನೀರು ಕಾಣುತ್ತದೆ, ಏನೂ ಇಲ್ಲ ಎಂದು ಮಕ್ಕಳು ಮುಖ ಸಪ್ಪೆ ಮಾಡುತ್ತಾರೆ.

ಪುಲಾವ್ ಉಬಿನ್ ದ್ವೀಪಕ್ಕೆ ಹೋಗಲು ಒಂದು ಪೂರ್ತಿ ಬೆಳಗು ಬೇಕು. ತಾನಾ ಮೆರಾ ನಿಲ್ದಾಣದಿಂದ 2ನೇ ನಂಬರಿನ ಬಸ್ಸಿನಲ್ಲಿ ಚಾಂಗಿ ವಿಲೇಜ್, ಅಲ್ಲಿಂದ ನಾಲ್ಕು ಹೆಜ್ಜೆಗೆ ಚಾಂಗಿ ಪಾಯಿಂಟ್ ದೋಣಿಕಟ್ಟೆ. ಮರದ ಬಂಬೋಟು ಹನ್ನೆರಡು ಜನ ಸೇರಿದಾಗ ಹೊರಡುತ್ತದೆ, ತಲೆಗೆ 4 ಡಾಲರ್, ನಗದು ಕೊಡಬೇಕು. ಜನ ಸೇರದಿದ್ದರೆ ಉಳಿದ ಸೀಟಿನ ಹಣವನ್ನೂ ಕೊಟ್ಟು ಹೊರಡಬಹುದು. ಹತ್ತು ನಿಮಿಷದ ಕಡಲು. ದ್ವೀಪದಲ್ಲಿ ಇಳಿದ ಕೂಡಲೇ ಸೈಕಲ್ ಬಾಡಿಗೆ ಅಂಗಡಿಗಳ ಸಾಲು. ಹಣ ಕೊಡುವ ಮೊದಲು ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡಿ, ಚಕ್ರ ಉರುಳಬಾರದು. ದ್ವೀಪದ ಚೆಕ್ ಜಾವಾ ತೀರಕ್ಕೆ ಹೋಗುವ ದಾರಿಯಲ್ಲಿ ಕಡಿದಾದ ಇಳಿಜಾರುಗಳಿವೆ, ಸೈಕಲ್ ಇಳಿದು ತಳ್ಳಿ ಎಂಬ ಫಲಕ ಇರುವ ಕಡೆ ದೊಡ್ಡವರೂ ಇಳಿಯಲೇಬೇಕು. ಈಗಷ್ಟೇ ಸೈಕಲ್ ಕಲಿತ ಮಗುವಿದ್ದರೆ ದೋಣಿಕಟ್ಟೆಯ ಬಳಿ ಸಿಗುವ ವ್ಯಾನು ಹಿಡಿಯಿರಿ.

ಚೆಕ್ ಜಾವಾ ಮರಳು, ಕೆಸರು, ಕಡಲ ಹುಲ್ಲು, ಹವಳದ ಚೂರು, ಕಾಂಡ್ಲಾ ಎಲ್ಲ ಒಂದೇ ಕಡೆ ಕೂಡುವ ತೀರ. ಇದನ್ನು ಮುಚ್ಚಿ ಭೂಮಿ ಮಾಡುವ ಯೋಜನೆಯಿತ್ತು. ಸ್ವಯಂಸೇವಕರು ಅಲ್ಲಿನ ಜೀವಿಗಳನ್ನು ದಾಖಲಿಸಿ ಮುಂದಿಟ್ಟ ಮೇಲೆ 2001ರ ಡಿಸೆಂಬರ್‌ನಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು. ಹತ್ತು ದಾಟಿದ ಮಕ್ಕಳಿಗೆ ಈ ಕತೆಯನ್ನು ಅಲ್ಲೇ ನಿಂತು ಹೇಳಬೇಕು. ಉಬ್ಬರವಿಳಿತದ ಪಟ್ಟಿಯಲ್ಲಿ ನೀರಿನ ಮಟ್ಟ 0.5 ಮೀಟರ್ ಅಥವಾ ಅದಕ್ಕಿಂತ ಕೆಳಗಿರುವ ದಿನ, ಹೊತ್ತು ನೋಡಿ ಹೊರಟರೆ ಏಡಿಗಳ ದಂಡೇ ಕಾಣುತ್ತದೆ. ಹಲಗೆ ದಾರಿಯ ಯಾವುದಾದರೂ ಭಾಗ ದುರಸ್ತಿಗೆ ಮುಚ್ಚಿದೆಯೇ ಎಂಬುದನ್ನು ಹಿಂದಿನ ದಿನ ನೋಡಿಕೊಳ್ಳಿ. ಕಾಡುಹಂದಿಗಳೂ ಕೋತಿಗಳೂ ಎದುರಾಗುತ್ತವೆ. ಅವುಗಳ ಪಾಲಿಗೆ ಸದ್ದು ಮಾಡುವ ಪ್ಲಾಸ್ಟಿಕ್ ಚೀಲವೆಂದರೆ ಊಟ. ತಿಂಡಿಯನ್ನು ಜಿಪ್ ಇರುವ ಬೆನ್ನುಚೀಲದೊಳಗೆ ಇಡಿ. ಕಾಡುಪ್ರಾಣಿಗೆ ಏನಾದರೂ ತಿನ್ನಿಸಿದರೆ ಮೊದಲ ಸಲಕ್ಕೇ 5,000 ಡಾಲರ್‌ವರೆಗೆ ದಂಡವಿದೆ. ಸೊಳ್ಳೆಗೆ ಹಚ್ಚುವ ಮುಲಾಮು ಮರೆಯಬೇಡಿ, ಡೆಂಗಿ ಅಲ್ಲೂ ಇದೆ. ವಾಪಸು ಬಂದು ದೋಣಿಕಟ್ಟೆಯ ಬಳಿ ಎಳನೀರು ಕುಡಿದು, ಹನ್ನೆರಡರೊಳಗೆ ದೋಣಿ ಹತ್ತಿ.

ನೀರುನಾಯಿಗಳಿಗೆ ಟಿಕೆಟ್ಟೂ ಇಲ್ಲ, ವೇಳಾಪಟ್ಟಿಯೂ ಇಲ್ಲ. ನುಣುಪು ತುಪ್ಪಳದ ಈ ಜಾತಿ ನಮ್ಮ ಕಾವೇರಿ, ತುಂಗಭದ್ರೆಯಲ್ಲೂ ಇದೆ. ತುಂಗಭದ್ರೆಯಲ್ಲಿ ಅವುಗಳಿಗಾಗಿಯೇ ಒಂದು ಸಂರಕ್ಷಿತ ಪ್ರದೇಶವನ್ನು 2015ರಲ್ಲಿ ಘೋಷಿಸಲಾಯಿತು. ಸಿಂಗಪುರದಲ್ಲಿ ಅವು ಊರ ನಡುವಿನ ಹೊಳೆಗಳಲ್ಲೇ ಸಂಸಾರ ಹೂಡಿವೆ. ಬಿಶಾನ್–ಆಂಗ್ ಮೋ ಕಿಯೋ ಉದ್ಯಾನ ಅವನ್ನು ಹುಡುಕಲು ಒಳ್ಳೆಯ ಜಾಗ. ಅಲ್ಲಿ 2.7 ಕಿಲೋಮೀಟರಿನ ನೇರ ಕಾಂಕ್ರೀಟ್ ಕಾಲುವೆಯನ್ನು ಒಡೆದು, 2012ರ ಹೊತ್ತಿಗೆ ಬಳುಕುವ ಹೊಳೆಯಾಗಿ ಮಾಡಿದ್ದಾರೆ. ರಾಜಕಾಲುವೆ ನೋಡಿ ಬೆಳೆದ ಬೆಂಗಳೂರಿನ ಮಕ್ಕಳನ್ನು ಈ ದಂಡೆಯಲ್ಲಿ ಒಂದಿಷ್ಟು ಹೊತ್ತು ಕೂರಿಸಲೇಬೇಕು. ನೀರುನಾಯಿ ಮರಿಗಳ ಜೊತೆಗಿದ್ದರೆ ದೂರವೇ ನಿಲ್ಲಿ, ತಾಯಿ ಕಚ್ಚುತ್ತದೆ. ಮಳೆಯ ಎಚ್ಚರಿಕೆಯ ಸೈರನ್ ಕೇಳಿದರೆ ತಡಮಾಡದೆ ಮೇಲಕ್ಕೆ ಬನ್ನಿ, ಆ ಹೊಳೆ ನಿಮಿಷಗಳಲ್ಲಿ ಏರುತ್ತದೆ.

ಊಟದ ಚಿಂತೆ ಸಸ್ಯಾಹಾರಿಗಳಿಗೆ ಇದ್ದೇ ಇರುತ್ತದೆ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ 1947ರಿಂದ ಕೋಮಲ ವಿಲಾಸ್ ಇದೆ. ಅದೇ ರಸ್ತೆಯಲ್ಲಿ ಮುಂದೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಕಡೆ ಹೋದರೆ ಬೆಂಗಳೂರಿನ ಎಂಟಿಆರ್‌ನ ಶಾಖೆ. ಮೂರನೆಯ ದಿನ ಮಗು ಊಟ ನಿರಾಕರಿಸಿದರೆ ಅಲ್ಲಿನ ಒಂದು ಬಿಸಿಬೇಳೆಬಾತ್ ಎಲ್ಲವನ್ನೂ ಸರಿಮಾಡುತ್ತದೆ. ಆದರೆ ಹತ್ತಾರು ಸಣ್ಣ ಊಟದಂಗಡಿಗಳು ಒಂದೇ ಸೂರಿನಡಿ ಇರುವ ಹಾಕರ್ ಸೆಂಟರ್‌ಗಳನ್ನು ತಪ್ಪಿಸಬೇಡಿ, 2020ರಲ್ಲಿ ಯುನೆಸ್ಕೊ ಗುರುತಿಸಿದ ಆಹಾರ ಸಂಸ್ಕೃತಿ ಅದು. ಪ್ರಾಟಾ ಅಂಗಡಿಯಲ್ಲಿ ‘ಕೊಸೊಂಗ್’ ಎಂದು ಕೇಳಿ. ಮಲಯ ಭಾಷೆಯಲ್ಲಿ ಖಾಲಿ ಎಂದರ್ಥ, ಮೊಟ್ಟೆಯಿಲ್ಲದ ಸಾದಾ ಪರೋಟ ಬರುತ್ತದೆ. ಜೊತೆಗೆ ಕೊಡುವ ಸಾರು ಮೀನಿನದೋ ಕುರಿಯದೋ ಇರಬಹುದು, ಬೇಳೆಯದು ಬೇಕೆಂದು ಮೊದಲೇ ಹೇಳಬೇಕು. ಸಾಂಬಲ್ ಚಟ್ನಿಯಲ್ಲಿ ಸೀಗಡಿ ಇರುತ್ತದೆ. ಚೀನೀ ಸಸ್ಯಾಹಾರಿ ಅಂಗಡಿಯ ಶ್ಯಾವಿಗೆ ಮಕ್ಕಳಿಗೆ ಹಿಡಿಸುತ್ತದೆ. ಅದರ ಮೇಲಿನ ಸೋಯಾ ತುಂಡುಗಳು ಥೇಟ್ ಮಾಂಸದಂತೆಯೇ ಕಾಣುವುದರಿಂದ ಮಕ್ಕಳಿಗೆ ಮುಂಚೆಯೇ ತಿಳಿಸಿರಿ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಇಟ್ಟಿದ್ದರೆ ಆ ಜಾಗ ಯಾರದೋ ಆಗಿದೆ ಎಂದರ್ಥ. ಉಂಡ ಮೇಲೆ ತಟ್ಟೆಯನ್ನು ಎತ್ತಿ ನಿಗದಿತ ಕಡೆ ಇಡಬೇಕು, 2021ರಿಂದ ಅದು ಕಡ್ಡಾಯ. ಆ ಕೆಲಸವನ್ನು ಮಕ್ಕಳಿಗೇ ವಹಿಸಿ, ಉತ್ಸಾಹದಿಂದ ಮಾಡುತ್ತಾರೆ.

ಸೆಂಟೋಸಾದ ಬಗ್ಗೆ ಎಲ್ಲೆಡೆ ಸಾಕಷ್ಟು ಬರೆದಿದ್ದಾರೆ. ಹೇಳಬೇಕಾದದ್ದು ಎರಡೇ. ಯೂನಿವರ್ಸಲ್ ಸ್ಟುಡಿಯೋಸ್‌ನ ಟಿಕೆಟ್ ತೆಗೆಯುವ ಮೊದಲು ಮನೆಯ ಗೋಡೆಗೆ ನಿಲ್ಲಿಸಿ ಮಗುವಿನ ಎತ್ತರ ಅಳೆಯಿರಿ. ದೊಡ್ಡ ರೋಲರ್ ಕೋಸ್ಟರ್‌ಗೆ 125 ಸೆಂಟಿಮೀಟರ್ ಬೇಕು, ಉಳಿದ ಹಲವಕ್ಕೆ ಮೀಟರಿನ ಆಸುಪಾಸು. ಮೀಟರ್ ತುಂಬದ ಮಗುವಿಗೆ ಆ ಹಣ ಖರ್ಚು ಮಾಡುವುದಕ್ಕಿಂತ ಪಲವಾನ್ ಕಡಲತೀರದಲ್ಲಿ ಒಂದು ಬಕೆಟ್ಟು, ಒಂದು ಸಣ್ಣ ಗುದ್ದಲಿ ಕೊಟ್ಟು ಬಿಡುವುದು ಮೇಲು. ಇನ್ನೊಂದು, ದ್ವೀಪದೊಳಗಿನ ಬಸ್ಸುಗಳು ಉಚಿತ. ಸಿಲೋಸೋ ಕೋಟೆಗೆ ಮರಗಳ ತುದಿಯ ಎತ್ತರದಲ್ಲಿ ಸಾಗುವ ಸ್ಕೈವಾಕ್ ಕೂಡ ಉಚಿತ, ಮೇಲೆ ಹೋಗಲು ಲಿಫ್ಟ್ ಇದೆ.

ಕೊನೆಯ ದಿನಕ್ಕೆ ವಿಮಾನ ನಿಲ್ದಾಣದ ಜ್ಯೂಯೆಲ್ ಎಂಬ ಗಾಜಿನ ಕಟ್ಟಡ. ಭದ್ರತಾ ತಪಾಸಣೆಗೆ ಮುಂಚಿನ ಭಾಗದಲ್ಲೇ ಇರುವುದರಿಂದ ಯಾರು ಬೇಕಾದರೂ ಹೋಗಬಹುದು. ಗಾಜಿನ ಛಾವಣಿಯಿಂದ 40 ಮೀಟರ್ ಕೆಳಕ್ಕೆ ನೀರು ಬೀಳುತ್ತದೆ, ಅದರ ಪಕ್ಕದಲ್ಲೇ ಟರ್ಮಿನಲ್‌ಗಳ ನಡುವಿನ ಪುಟ್ಟ ರೈಲು ಹಾದುಹೋಗುತ್ತದೆ. ಸಾಮಾನು ಇಡಲು ಜಾಗವಿದೆ, ಕೆಲವು ವಿಮಾನಗಳಿಗೆ ಮುಂಚಿತವಾಗಿ ಚೆಕ್‌ಇನ್ ಕೂಡ ಆಗುತ್ತದೆ. ಮೂರನೆಯ ಟರ್ಮಿನಲ್‌ನ ಒಳಭಾಗದಲ್ಲಿ ಚಿಟ್ಟೆಗಳ ತೋಟವಿದೆ. ಹಗಲಿನ ವಿಮಾನವಾದರೆ ಒಂದು ಗಂಟೆ ಮೊದಲೇ ಒಳಗೆ ಹೋಗಿ, ಚಿಟ್ಟೆಗಳು ಮಕ್ಕಳ ತೋಳಿನ ಮೇಲೂ ಬಂದು ಕೂರುತ್ತವೆ. ರಾತ್ರಿಯ ವಿಮಾನವಾದರೆ ಅವು ಎಲೆಯಡಿಯಲ್ಲಿ ಮಲಗಿರುತ್ತವೆ, ಆಗ ಜಲಪಾತದ ದೀಪಗಳೇ ಸಾಕು. ಊರಿಗೆ ಇಳಿದಾಗ ಗಡಿಯಾರ ಹಿಂದಕ್ಕೆ ಹೋಗಿರುತ್ತದೆ. ಆ ದಿನ ಮಕ್ಕಳು ಸಂಜೆ ಏಳಕ್ಕೇ ತೂಕಡಿಸುತ್ತಾರೆ, ಬೇಗ ಊಟ ಮಾಡಿಸಿ ಮಲಗಿಸಿ.